ಉಪ್ಪಿನ ಬೆಳಕು: ಪುಣೆಯ ಜಲದೀಪ್ತಿ ಸಂಶೋಧನೆಯೂ ನೀರಿನಲ್ಲಿನ ರ್ಯಾಡಿಕಲ್ಲುಗಳ ಅಳತೆಯೂ

ಪುಣೆಯ ನೀರಿನ ಚರಿತ್ರೆಯನ್ನು ಬರೆಯಹೊರಟವರು ಕಾತ್ರಜದಿಂದ ಪ್ರಾರಂಭಿಸುವುದು ವಾಡಿಕೆ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ, ನಾನಾಸಾಹೇಬ ಪೇಶ್ವೆಯ ಕಾಲಕ್ಕೆ, ಕಾತ್ರಜದ ಕೆರೆಗಳ ನೀರು ನೆಲದಡಿಯ ಕಾಲುವೆಯಲ್ಲಿ ಹರಿದು ಊರೊಳಗಿನ ಹೌದಗಳನ್ನು ತುಂಬಿತು. ಆಮೇಲೆ 1870ರ ದಶಕದಲ್ಲಿ ಮುಠಾ ನದಿಗೆ ಖಡಕವಾಸಲೆಯ ಕಟ್ಟೆ ಬಂತು. 1961ರ ಜುಲೈ 12ರಂದು ಪಾನಶೇತದ ಅಣೆಕಟ್ಟು ಒಡೆದು ಅರ್ಧ ಪಟ್ಟಣವೇ ಕೊಚ್ಚಿಹೋದುದು ಇಂದಿಗೂ ಹಳಬರ ಬಾಯಲ್ಲಿ ಕಾಲಗಣನೆಯ ಒಂದು ಗುರುತಾಗಿ ನಿಂತಿದೆ. ಇವೆಲ್ಲವೂ ನೀರನ್ನು ತಂದ, ತಡೆದ, ಕಳೆದುಕೊಂಡ ಚರಿತ್ರೆಗಳು. ನೀರನ್ನು ತೊಳೆದ ಚರಿತ್ರೆ ಇದಕ್ಕಿಂತ ತೆಳುವಾದುದು. ತೊಳೆದೆವೆಂದು ಹೇಳುವವರು ಅದನ್ನು ಅಳೆದು ತೋರಿಸಿದ ಚರಿತ್ರೆಯಂತೂ ಪ್ರಯೋಗಶಾಲೆಗಳ ಕತ್ತಲೆ ಕೋಣೆಯನ್ನು ಬಿಟ್ಟು ಹೊರಗೆ ಬಂದುದೇ ಇಲ್ಲ. ಆ ಕತ್ತಲೆ ಕೋಣೆಗಳಲ್ಲಿ ಒಂದು ಪುಣೆಯ ಗಣೇಶಖಿಂಡದಲ್ಲಿತ್ತು.

ಈ ವಿಷಯದಲ್ಲಿ ಕನ್ನಡಿಗರಿಗೆ ಆಸಕ್ತಿಯಿರಲು ಒಂದು ನೇರವಾದ ಕಾರಣವುಂಟು. ಪುಣೆಯ ಸಂಗಮದಲ್ಲಿ ಕೂಡಿಕೊಂಡ ಮುಳಾ ಮುಠಾ ನದಿಗಳು ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿಯ ಜಲಾಶಯದಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಸೀಮೆಯನ್ನು ಹೊಕ್ಕು, ಗಾಣಗಾಪುರವನ್ನೂ ಸನ್ನತಿಯನ್ನೂ ಮುಟ್ಟಿ, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗನ ಮನೆಯ ಬಚ್ಚಲ ನೀರು ತವರಿನ ದಾರಿಯನ್ನೇ ಹಿಡಿಯುತ್ತದೆ. ಅದು ಯಾವ ಸ್ಥಿತಿಯಲ್ಲಿ ಅಲ್ಲಿಗೆ ತಲುಪುತ್ತದೆಂಬುದು ಹೊರನಾಡ ಕನ್ನಡಿಗರ ಚರ್ಚೆಗಳಲ್ಲಿ ಅಷ್ಟಾಗಿ ಕೇಳಿಬರುವ ಪ್ರಶ್ನೆಯಲ್ಲ. ಗಡಿಯ ಪ್ರಶ್ನೆಗೆ ದೊರೆತ ಪುಟಗಳ ನೂರನೆಯ ಒಂದು ಪಾಲೂ ಅದಕ್ಕೆ ದೊರೆತಿಲ್ಲ.

ಮೊದಲು ಅಳತೆಯ ತೊಡಕೇನೆಂಬುದನ್ನು ವಿಶದಪಡಿಸಿಕೊಳ್ಳಬೇಕು. ಊರಿನ ನೀರಿಗೆ ಸಾಮಾನ್ಯವಾಗಿ ಹಾಕುವುದು ಕ್ಲೋರಿನ್. ಅದು ನೀರಿನಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಮನೆಯ ನಲ್ಲಿಯವರೆಗೂ ಬರುತ್ತದೆ. ಆದುದರಿಂದ ಅದನ್ನು ಅಳೆಯುವುದು ಸುಲಭ. ನಗರಸಭೆಯ ನೌಕರರು ಬಹುಕಾಲ ಬಳಸಿದ ಆರ್ಥೊಟಾಲಿಡೀನ್ ಎಂಬ ದ್ರವದ ಎರಡು ಹನಿ ಬಿಟ್ಟರೆ ನೀರು ಹಳದಿಯಾಗುತ್ತಿತ್ತು. ಆ ಹಳದಿಯ ಗಾಢತೆಯನ್ನು ಗಾಜಿನ ಪಟ್ಟಿಯೊಂದಿಗೆ ಹೋಲಿಸಿದರೆ ಲೆಕ್ಕ ಮುಗಿಯಿತು. ಕುಡಿಯುವ ನೀರಿನ ಭಾರತೀಯ ಮಾನಕವು ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ವಿಧಿಸುತ್ತದೆ. ಆದರೆ ಬಣ್ಣದ ಕಾರ್ಖಾನೆ, ಔಷಧದ ಕಾರ್ಖಾನೆ, ಕೀಟನಾಶಕಗಳು ನೀರಿಗೆ ಸೇರಿಸುವ ಹಲವು ವಸ್ತುಗಳನ್ನು ಕ್ಲೋರಿನ್ ಮುರಿಯಲಾರದು. ಕೆಲವೊಮ್ಮೆ ಅವುಗಳೊಡನೆ ಸೇರಿ ಹೆಚ್ಚಿನ ಕೇಡನ್ನೇ ಹುಟ್ಟಿಸುತ್ತದೆ. ಅಂತಹ ಕಡೆ ಬೇಕಾಗುವ ಆಯುಧ ಬೇರೆ. ಅದರ ಹೆಸರು ಹೈಡ್ರಾಕ್ಸಿಲ್ ರ್ಯಾಡಿಕಲ್.

ಕನ್ನಡದ ಪರಿಭಾಷೆ ಇಲ್ಲಿ ಅರ್ಧ ದಾರಿಯವರೆಗೆ ಚೆನ್ನಾಗಿ ನೆರವಾಗುತ್ತದೆ. ನೀರಿನ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಇವೆ. ಒಂದು ಜಲಜನಕವನ್ನು ಕಿತ್ತರೆ ಉಳಿಯುವ ತುಂಡೇ ಹೈಡ್ರಾಕ್ಸಿಲ್: ನೀರಾಗಲು ಒಂದು ಜಲಜನಕ ಸಾಲದ ವಸ್ತು. ಅದರಲ್ಲಿ ಒಂದು ಎಲೆಕ್ಟ್ರಾನು ಜೊತೆಗಾರನಿಲ್ಲದೆ ಒಂಟಿಯಾಗಿರುತ್ತದೆ. ಎದುರಿಗೆ ಬಂದ ಯಾವ ಅಣುವಿನಿಂದಲಾದರೂ ಒಂದನ್ನು ಸೆಳೆದುಕೊಂಡು ಶಾಂತವಾಗಬೇಕೆಂಬುದೇ ಅದರ ಸ್ವಭಾವ. ಇಷ್ಟು ಹೇಳಿದ ಮೇಲೆ 'ರ್ಯಾಡಿಕಲ್' ಎಂಬುದಕ್ಕೆ 'ಮೂಲಕ' ಎಂದೋ 'ಮೂಲ' ಎಂದೋ ಹೇಳಿದರೆ ಗೊಂದಲವೇ ಹೆಚ್ಚು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಪ್ರಾರಂಭಿಸಿದ 'ವಿಜ್ಞಾನ' ಪತ್ರಿಕೆಯ ಕಾಲದಿಂದಲೂ ಕನ್ನಡಕ್ಕೆ ಕಾಡಿದ ಸಂಕಟವೇ ಇದು. ಪ್ರಕೃತ ಲೇಖನದಲ್ಲಿ ಬಂದ ಪದವನ್ನು ಬಂದಂತೆಯೇ ಇಟ್ಟುಕೊಳ್ಳಲಾಗಿದೆ.

ಹೈಡ್ರಾಕ್ಸಿಲ್ಲಿನ ಬಲವೇ ಅದರ ಅಳತೆಗೆ ಅಡ್ಡಿ. ಉತ್ಕರ್ಷಣದ ಶಕ್ತಿಯನ್ನು ವೋಲ್ಟುಗಳಲ್ಲಿ ಹೇಳುವುದಾದರೆ ಕ್ಲೋರಿನ್ನಿನದು ಸುಮಾರು 1.4, ಓಜೋನಿನದು ಸುಮಾರು 2.1, ಹೈಡ್ರಾಕ್ಸಿಲ್ಲಿನದು ಸುಮಾರು 2.8. ಅದು ಹುಟ್ಟಿದ ಕ್ಷಣದಲ್ಲೇ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನೊಳಗೆ ಅಥವಾ ಅದಕ್ಕೂ ಮೊದಲೇ, ಯಾವುದಾದರೊಂದು ಅಣುವಿನ ಮೇಲೆ ಬಿದ್ದು ತಾನೂ ಇಲ್ಲವಾಗುತ್ತದೆ. ಶುದ್ಧೀಕರಣದ ತೊಟ್ಟಿಯಲ್ಲಿ ಯಾವುದೇ ಕ್ಷಣದಲ್ಲಿ ಇರುವ ಹೈಡ್ರಾಕ್ಸಿಲ್, ಲೀಟರಿಗೆ ಒಂದು ಮೋಲಿನ ಲಕ್ಷ ಕೋಟಿಯಲ್ಲೊಂದು ಪಾಲನ್ನು ಮುಟ್ಟುವುದೂ ಕಷ್ಟ. ಬಾಟಲಿಯಲ್ಲಿ ನೀರನ್ನು ತುಂಬಿ ಪ್ರಯೋಗಾಲಯಕ್ಕೆ ಒಯ್ಯುವ ಹೊತ್ತಿಗೆ ಅಳೆಯಬೇಕಾದ ವಸ್ತುವೇ ಇರುವುದಿಲ್ಲ. ಹೀಗಿರುವುದನ್ನು ತೂಗುವ ತಕ್ಕಡಿ ಯಾವುದು? ಅದು ಸಾಯುವಾಗ ಬಿಟ್ಟುಹೋಗುವ ಬೆಳಕನ್ನು ಹಿಡಿಯಬೇಕು ಎಂಬುದು ಒಂದು ಉತ್ತರ. ಈ ಉತ್ತರ ನೀರಿನ ಇಂಜಿನಿಯರುಗಳದಲ್ಲ. ಅದಕ್ಕೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ.

ಆ ಇತಿಹಾಸದಲ್ಲಿ ಎರಡು ಎಳೆಗಳಿವೆ. ಮೊದಲನೆಯದು ರ್ಯಾಡಿಕಲ್ಲಿನದು. 1894ರಲ್ಲಿ ಕೇಂಬ್ರಿಜಿನ ಫೆಂಟನ್ ಎಂಬ ವಿದ್ವಾಂಸನು ಕಬ್ಬಿಣದ ಲವಣ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಸೇರಿದರೆ ಟಾರ್ಟಾರಿಕ್ ಆಮ್ಲವು ಬೇಗನೆ ಉತ್ಕರ್ಷಣಗೊಳ್ಳುವುದನ್ನು ಪ್ರಕಟಿಸಿದನು. ಏಕೆಂಬುದು ಅವನಿಗೆ ತಿಳಿದಿರಲಿಲ್ಲ. ಮುಕ್ತ ರ್ಯಾಡಿಕಲ್ಲೆಂಬ ವಸ್ತು ನಿಜವಾಗಿಯೂ ಇರಬಲ್ಲುದೆಂದು ಗಾಂಬರ್ಗ್ ತೋರಿಸಿದುದೇ 1900ರಲ್ಲಿ. ಹೇಬರ್ ಮತ್ತು ವೈಸ್ ಎಂಬ ಇಬ್ಬರು 1934ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಬಗೆಯ ಕ್ರಿಯೆಗಳ ಒಳಗೆ ಕೆಲಸಮಾಡುವುದು ಹೈಡ್ರಾಕ್ಸಿಲ್ ರ್ಯಾಡಿಕಲ್ಲೇ ಎಂಬ ವಾದ ಸ್ಪಷ್ಟವಾಗಿ ಬಂತು. ಯುದ್ಧರಂಗದಲ್ಲಿ ವಿಷವಾಯುವನ್ನು ಬಿಡಿಸಿದವನೂ ಇದೇ ಹೇಬರನೇ. ಹಿಟ್ಲರನ ಜರ್ಮನಿಯನ್ನು ಬಿಟ್ಟುಹೋಗಬೇಕಾಗಿ ಬಂದು ಅದೇ 1934ರ ಜನವರಿಯಲ್ಲಿ ಪರಸ್ಥಳದಲ್ಲಿ ತೀರಿಕೊಂಡನು. ಇಂದು ಮಲಿನ ಜಲದ ಶುದ್ಧೀಕರಣದ ಪುಸ್ತಕಗಳೆಲ್ಲವೂ ಅವನ ಹೆಸರನ್ನು ಎತ್ತದೆ ಮುಂದೆ ಹೋಗಲಾರವು.

ಎರಡನೆಯ ಎಳೆ ಬೆಳಕಿನದು. ಕಾಯಿಸದೆಯೇ ಬರುವ ತಣ್ಣನೆಯ ಬೆಳಕಿಗೆ ಒಂದು ಸಾಮಾನ್ಯ ಹೆಸರನ್ನು 1888ರಲ್ಲಿ ಕೊಟ್ಟವನು ಜರ್ಮನಿಯ ಐಲ್‌ಹಾರ್ಡ್ ವೀಡೆಮಾನ್. ನಾವು ದೀಪ್ತಿಯೆನ್ನುವುದು ಅದನ್ನೇ. 1895ರಲ್ಲಿ ಅವನೂ ಷ್ಮಿಟ್ ಎಂಬ ಸಹೋದ್ಯೋಗಿಯೂ ಒಂದು ವಿಚಿತ್ರವನ್ನು ಗಮನಿಸಿದರು: ಕ್ಯಾಥೋಡ್ ಕಿರಣಗಳಿಗೆ ಒಡ್ಡಿದ ಕೆಲವು ಲವಣಗಳನ್ನು ನೀರಿಗೆ ಹಾಕಿದರೆ ಕರಗುವಾಗ ಬೆಳಗುತ್ತವೆ. ಆ ಕಾಲಕ್ಕೆ ಅದು ಒಂದು ಕೌತುಕವಾಗಿಯೇ ಉಳಿಯಿತು. 1928ರಲ್ಲಿ ಆಲ್‌ಬ್ರೆಕ್ಟ್ ಎಂಬವನು ಲ್ಯೂಮಿನಾಲ್ ಎಂಬ ವಸ್ತುವು ಉತ್ಕರ್ಷಣಗೊಳ್ಳುವಾಗ ನೀಲಿ ಬೆಳಕನ್ನು ಬೀರುವುದನ್ನು ವಿವರಿಸಿದನು. ರಕ್ತದ ಕಲೆಯನ್ನು ಪತ್ತೆಮಾಡಲು ಪೋಲೀಸರು ಬಳಸುವುದು ಇದನ್ನೇ. 1934ರಲ್ಲಿ ಕಲೋನ್ ಪಟ್ಟಣದ ಫ್ರೆಂಟ್ಸೆಲ್ ಮತ್ತು ಷುಲ್ಟೆಸ್ ನೀರಿನಲ್ಲಿ ಶ್ರವಣಾತೀತ ಧ್ವನಿಯನ್ನು ಹಾಯಿಸಿ, ಅದರಲ್ಲಿ ಹುಟ್ಟಿ ಕುಸಿಯುವ ಗುಳ್ಳೆಗಳಿಂದ ಬೆಳಕು ಬರುವುದನ್ನು ಫೋಟೋ ತಟ್ಟೆಯ ಮೇಲೆ ಕಂಡರು. ಐದು ವರ್ಷಗಳ ಬಳಿಕ ಅಮೆರಿಕದ ಹಾರ್ವೆ ಆ ನೀರಿಗೆ ಲ್ಯೂಮಿನಾಲನ್ನು ಸೇರಿಸಿ ಬೆಳಕನ್ನು ಅಧ್ಯಯನಮಾಡಿದನು. ಮಿಂಚುಹುಳುವಿನ ಬೆಳಕಿನ ಮೇಲೆ ಆಯುಷ್ಯವನ್ನು ಸವೆಸಿದ ವಿದ್ವಾಂಸ ಅವನು. ಎರಡು ಎಳೆಗಳೂ ಒಂದೇ ಪಾತ್ರೆಯಲ್ಲಿ ಕೂಡಿದುದು ಅಲ್ಲಿ.

ಅದೇ ವರ್ಷಗಳಲ್ಲಿ, ಎಂದರೆ 1935 ಮತ್ತು 1936ರಲ್ಲಿ, ಬೆಂಗಳೂರಿನಲ್ಲಿ ಚಂದ್ರಶೇಖರ ವೆಂಕಟರಾಮನ್ ಮತ್ತು ನಾಗೇಂದ್ರನಾಥರು ದ್ರವದಲ್ಲಿ ಹಾಯುವ ಶ್ರವಣಾತೀತ ಧ್ವನಿಯು ಬೆಳಕನ್ನು ಹೇಗೆ ಚದರಿಸುತ್ತದೆಂಬ ಪ್ರಸಿದ್ಧವಾದ ಲೇಖನಮಾಲೆಯನ್ನು ಪ್ರಕಟಿಸಿದರು. ನೀರು, ಧ್ವನಿ, ಬೆಳಕು ಮೂರೂ ಅಲ್ಲಿವೆ. ಆದುದರಿಂದ ಅದನ್ನೂ ಈ ವಂಶಾವಳಿಗೆ ಸೇರಿಸಿ ಬೆಂಗಳೂರಿಗೆ ಒಂದು ಸ್ಥಾನವನ್ನು ಕಲ್ಪಿಸುವ ಆಸೆ ಕನ್ನಡಿಗರಿಗೆ ಸಹಜ. ಆದರೆ ಅದು ನ್ಯಾಯವಲ್ಲ. ಆ ಬೆಳಕು ಹೊರಗಿನಿಂದ ಹಾಯಿಸಿದ ಬೆಳಕು, ನೀರಿನೊಳಗೆ ಹುಟ್ಟಿದುದಲ್ಲ. ಅವರ ಪ್ರಶ್ನೆಯೂ ಬೇರೆ. ಅಭಿಮಾನಕ್ಕಾಗಿ ಇತಿಹಾಸವನ್ನು ಹಿಗ್ಗಿಸುವುದು ಶಾಸನಗಳ ವಿಷಯದಲ್ಲಿ ಎಷ್ಟು ತಪ್ಪೋ ವಿಜ್ಞಾನದ ವಿಷಯದಲ್ಲಿಯೂ ಅಷ್ಟೇ ತಪ್ಪು. ಪುಣೆಯ ಹಕ್ಕಿಗಾದರೋ ಇಂತಹ ಹಿಗ್ಗಿಸುವಿಕೆ ಅವಶ್ಯವಿಲ್ಲ.

ಗಣೇಶಖಿಂಡವು ಮುಂಬಯಿಯ ಗವರ್ನರರು ಮಳೆಗಾಲವನ್ನು ಕಳೆಯುತ್ತಿದ್ದ ಬಂಗಲೆಯ ಸ್ಥಳ. 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ್ಯಾಂಡನು ಅಲ್ಲಿಯ ಔತಣದಿಂದ ಹಿಂದಿರುಗುವಾಗ ಚಾಪೇಕರ ಸಹೋದರರ ಗುಂಡಿಗೆ ಈಡಾದುದು ಆ ರಸ್ತೆಯಲ್ಲಿಯೇ. 1949ರಲ್ಲಿ ಪುಣೆ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಆ ಭವನ ವಿದ್ಯೆಯ ಕೈಗೆ ಬಂತು. ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಪರಮಾಣು ರಸಾಯನವನ್ನು ಬೆಳೆಸಿದವರು ಹರಿ ಜೀವನ ಅರ್ಣೀಕರ್. ಇವರು ಬನಾರಸದಿಂದ ಬಂದ ವಿದ್ವಾಂಸರು. ಇವರ 'ಎಸೆನ್ಷಿಯಲ್ಸ್ ಆಫ್ ನ್ಯೂಕ್ಲಿಯರ್ ಕೆಮಿಸ್ಟ್ರಿ' ಎಂಬ ಪಠ್ಯಗ್ರಂಥವನ್ನು ಓದಿದವರು ಕರ್ನಾಟಕದ ಕಾಲೇಜುಗಳಲ್ಲಿಯೂ ಅನೇಕರು. ಆದರೆ ಪಠ್ಯಗ್ರಂಥದ ಕರ್ತೃವೆಂದು ಬಲ್ಲವರಲ್ಲಿ ಕೆಲವರಿಗೆ ಮಾತ್ರ ಅವರ ಉಪ್ಪಿನ ಪ್ರಯೋಗಗಳು ಗೊತ್ತು.

ಪ್ರಯೋಗ ಹೇಳುವುದಕ್ಕೆ ಸರಳ. ಅಡಿಗೆಯ ಉಪ್ಪನ್ನು, ಎಂದರೆ ಸೋಡಿಯಂ ಕ್ಲೋರೈಡನ್ನು, ವಿಕಿರಣಪಟುವಾದ ಕೋಬಾಲ್ಟ್ ಹೊರಸೂಸುವ ಗಾಮಾ ಕಿರಣಗಳಿಗೆ ಒಡ್ಡುವುದು. ಬಿಳಿಯ ಉಪ್ಪು ಹಳದಿಗೂ ಕಂದಿಗೂ ತಿರುಗುತ್ತದೆ. ಪೊಟ್ಯಾಸಿಯಂ ಕ್ಲೋರೈಡಾದರೆ ನೇರಳೆಯಾಗುತ್ತದೆ. ಕಿರಣಗಳ ಹೊಡೆತಕ್ಕೆ ಕಿತ್ತುಬಂದ ಎಲೆಕ್ಟ್ರಾನುಗಳು ಹರಳಿನಲ್ಲಿ ಕ್ಲೋರೈಡು ತಪ್ಪಿಹೋದ ಖಾಲಿ ಗುಂಡಿಗಳಲ್ಲಿ ಸಿಕ್ಕಿಕೊಳ್ಳುವುದೇ ಈ ಬಣ್ಣಕ್ಕೆ ಕಾರಣ. ಎಲೆಕ್ಟ್ರಾನನ್ನು ಕಳೆದುಕೊಂಡ ಕಡೆಗಳು ಬೇರೊಂದು ಬಗೆಯ ಕೇಂದ್ರಗಳಾಗಿ ಅದೇ ಹರಳಿನಲ್ಲಿ ಉಳಿದಿರುತ್ತವೆ. ಕೊಟ್ಟವನೂ ಕೊಂಡವನೂ ಒಂದೇ ಮನೆಯಲ್ಲಿದ್ದಾರೆ, ಆದರೆ ನಡುವೆ ಗೋಡೆಯಿದೆ. ಈ ಉಪ್ಪನ್ನು ಕತ್ತಲೆಯಲ್ಲಿ, ಅತಿ ಮಂದವಾದ ಬೆಳಕನ್ನೂ ಎಣಿಸಬಲ್ಲ ಫೋಟೋ ಗುಣಕ ನಳಿಕೆಯ ಮುಂದೆ ನೀರಿಗೆ ಸುರಿದರೆ ಗೋಡೆ ಕರಗುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನು ಎದುರು ಕೇಂದ್ರವನ್ನು ಸೇರುವಾಗ ಬೆಳಕು ಹೊಮ್ಮುತ್ತದೆ.

ಇದರಲ್ಲಿ ವೀಡೆಮಾನನು ಕಂಡುದಕ್ಕಿಂತ ಹೊಸದೇನು? ನಡುವಿನ ಘಟ್ಟ. 1962ರಲ್ಲಿ ಹಾರ್ಟ್ ಮತ್ತು ಬೋಗ್ ಎಂಬವರು ನೀರಿನಲ್ಲಿ ಬಿಡಿ ಎಲೆಕ್ಟ್ರಾನು ನೀರಿನ ಅಣುಗಳಿಂದ ಸುತ್ತುವರಿಯಲ್ಪಟ್ಟು ಕ್ಷಣಕಾಲ ಸ್ವತಂತ್ರವಾಗಿ ಇರಬಲ್ಲುದೆಂಬುದನ್ನು, ಅದು ಕೆಂಬೆಳಕನ್ನು ಹೀರಿಕೊಳ್ಳುವುದರ ಮೂಲಕ, ನೇರವಾಗಿ ತೋರಿಸಿದ್ದರು. ಅರ್ಣೀಕರರೂ ಅವರ ಸಹೋದ್ಯೋಗಿಗಳಾದ ದಾಮಲೆ, ಚೌರೆ ಮತ್ತು ರಾವ್ ಅವರೂ ಉಪ್ಪಿನ ಬೆಳಕಿನಲ್ಲಿ ಆ ಜಲಾವೃತ ಎಲೆಕ್ಟ್ರಾನಿನ ಕೈವಾಡವನ್ನು ಗುರುತಿಸಿದರು. 1970ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಈ ಸಂಶೋಧನೆ ಬೆಳಕು ಕಂಡಿತು. ನೀರಿನಲ್ಲಿ ಕರಗುವಾಗ ಬರುವ ದೀಪ್ತಿಯಾದುದರಿಂದ ಅವರು ಅದಕ್ಕೆ ಜಲದೀಪ್ತಿಯೆಂಬ ಅರ್ಥದ ಹೆಸರನ್ನಿಟ್ಟರು. ಮುಂದಿನ ದಶಕದಲ್ಲಿಯೂ ಈ ಕುರಿತು ಲೇಖನಗಳು ಪುಣೆಯಿಂದ ಹೊರಟವು.

ಇಲ್ಲಿ ಗಮನಿಸತಕ್ಕದ್ದು ಬೆಳಕಿಗಿಂತಲೂ ಸಾಕ್ಷ್ಯದ ಕ್ರಮ. ಬೆಳಕು ಬಂತೆಂಬುದು ಒಂದು ಸಂಗತಿ. ಅದು ಇಂಥ ವಸ್ತುವಿನಿಂದಲೇ ಬಂತೆಂಬುದು ಇನ್ನೊಂದು ಸಂಗತಿ. ಮೊದಲನೆಯದನ್ನು ಯಂತ್ರ ಹೇಳುತ್ತದೆ. ಎರಡನೆಯದನ್ನು ಸಂಶೋಧಕನು ಸಾಧಿಸಬೇಕು. ಅದಕ್ಕೆ ವಿಕಿರಣ ರಸಾಯನಜ್ಞರು ಹಿಡಿಯುವ ದಾರಿ, ಶಂಕಿತನನ್ನು ಮಾತ್ರ ಕಬಳಿಸುವ ಒಂದು ವಸ್ತುವನ್ನು ನೀರಿಗೆ ಮೊದಲೇ ಸೇರಿಸಿ ನೋಡುವುದು. ಎಲೆಕ್ಟ್ರಾನನ್ನು ಹಿಡಿಯುವ ನೈಟ್ರೇಟಿನಂತಹ ವಸ್ತುವನ್ನು ಸೇರಿಸಿದಾಗ ಬೆಳಕು ಕುಗ್ಗಿದರೆ, ಕುಗ್ಗಿದಷ್ಟು ಪಾಲು ಎಲೆಕ್ಟ್ರಾನಿನದೆಂದು ಹೇಳಲು ಆಧಾರ ಸಿಕ್ಕಿತು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಗೆ ಅದರ ಅಗತ್ಯ ಮತ್ತೆ ಬೀಳುತ್ತದೆ.

ಹೆಸರಿನ ವಿಷಯದಲ್ಲಿ ಪುಣೆ ಗೆಲ್ಲಲಿಲ್ಲ. 1973ರಲ್ಲಿ ಬರ್ಮಿಂಗ್‌ಹ್ಯಾಮಿನ ಅಟಾರಿ, ಎಟ್ಟಿಂಗರ್, ಫ್ರೆಮ್ಲಿನ್ ಎಂಬವರು ಕಿರಣಕ್ಕೆ ಒಡ್ಡಿದ ಸಕ್ಕರೆ ಮುಂತಾದುವು ಕರಗುವಾಗ ಬೀರುವ ಬೆಳಕಿನಿಂದ ವಿಕಿರಣದ ಪ್ರಮಾಣವನ್ನು ಅಳೆಯಬಹುದೆಂದು ಸೂಚಿಸಿದರು. ಸಕ್ಕರೆಯ ಹರಳಿನಲ್ಲಿ ಸಿಕ್ಕಿಬಿದ್ದಿರುವುದು ರ್ಯಾಡಿಕಲ್ಲುಗಳೇ. ಕರಗಿದೊಡನೆ ಅವು ನೀರಿನಲ್ಲಿರುವ ಆಮ್ಲಜನಕದೊಡನೆ ಸೇರಿ, ಪೆರಾಕ್ಸಿಲ್ ರ್ಯಾಡಿಕಲ್ಲುಗಳಾಗಿ, ಪರಸ್ಪರ ಘರ್ಷಿಸಿ ಬೆಳಕನ್ನು ಕೊಡುತ್ತವೆ. ನೀರಿಗೆ ಒಂದಿಷ್ಟು ಲ್ಯೂಮಿನಾಲನ್ನು ಸೇರಿಸಿದರೆ ಆ ಬೆಳಕು ಹಲವು ಪಟ್ಟು ಹೆಚ್ಚುತ್ತದೆ. ಲಯೋಲ್ಯೂಮಿನೆಸೆನ್ಸ್ ಎಂಬ ಹೆಸರೇ ಮುಂದಿನ ಸಾಹಿತ್ಯದಲ್ಲಿ ಹೆಚ್ಚಾಗಿ ನಿಂತಿತು. ಉಪಯೋಗವನ್ನು ಹೇಳಿದವರ ಹೆಸರು ಕಾರಣವನ್ನು ಹೇಳಿದವರ ಹೆಸರಿಗಿಂತ ಬೇಗ ಹರಡುವುದು ಲೋಕದ ರೀತಿ. ಅದಕ್ಕಾಗಿ ಬರ್ಮಿಂಗ್‌ಹ್ಯಾಮಿನವರನ್ನು ದೂರುವಂತಿಲ್ಲ.

ಪುಣೆಯ ಕೆಲಸ ನೀರಿನ ಶುದ್ಧಿಗಾಗಿ ನಡೆದುದಲ್ಲ. ಹಾಗಿದ್ದರೂ ಮುಂದೆ ನೀರನ್ನು ತೊಳೆಯಹೊರಟವರು ಇಟ್ಟ ಮೊದಲನೆಯ ಹೆಜ್ಜೆಯೇ ವಿಕಿರಣ ರಸಾಯನದ ಅಂಗಳದಲ್ಲಿ ಬಿತ್ತು. ಕೆನಡಾ ದೇಶದಲ್ಲಿ ಆರ್ಮ್‌ಸ್ಟ್ರಾಂಗ್ ಮೊದಲಾದವರು 1963ರ ಸುಮಾರಿಗೆ ಟೆರಿಫ್ತಾಲಿಕ್ ಆಮ್ಲದ ಲವಣವನ್ನು ಅತ್ಯಲ್ಪ ವಿಕಿರಣವನ್ನು ಅಳೆಯಲು ಬಳಸಿದ್ದರು. ಈ ಆಮ್ಲ ಸ್ವತಃ ಬೆಳಗದು. ಅದರ ಉಂಗುರಕ್ಕೆ ಒಂದು ಹೈಡ್ರಾಕ್ಸಿಲ್ ಅಂಟಿಕೊಂಡಾಗ ಹುಟ್ಟುವ ವಸ್ತುವಿನ ಮೇಲೆ ಸುಮಾರು 315 ನ್ಯಾನೊಮೀಟರಿನ ಅತಿನೇರಳೆ ಬೆಳಕನ್ನು ಬಿಟ್ಟರೆ 425ರ ಸುಮಾರಿನ ನೀಲಿ ಬೆಳಕು ಬರುತ್ತದೆ. ಲ್ಯೂಮಿನಾಲಿನದು ಮಿಂಚುಹುಳುವಿನ ಬೆಳಕು, ಕ್ರಿಯೆಯಿಂದಲೇ ಹುಟ್ಟುವುದು. ಇದು ಪ್ರತಿದೀಪ್ತಿ, ದೀಪ ಹಿಡಿದಾಗ ಮಾತ್ರ ಹೊಳೆಯುವ ಬೆಕ್ಕಿನ ಕಣ್ಣಿನ ಹಾಗೆ. ಎರಡನೆಯದರಲ್ಲಿ ಒಂದು ಅನುಕೂಲವಿದೆ. ರ್ಯಾಡಿಕಲ್ ಸತ್ತು ಗಂಟೆಗಳು ಕಳೆದ ಮೇಲೂ ಅದು ಹಾಕಿದ ಮುದ್ರೆ ನೀರಿನಲ್ಲಿ ಉಳಿದಿರುತ್ತದೆ. ಬಾಟಲಿಯಲ್ಲಿ ತುಂಬಿಸಿ ಒಯ್ದರೂ ಹಾಳಾಗದು. ಉಂಗುರದಲ್ಲಿ ಹೈಡ್ರಾಕ್ಸಿಲ್ ಅಂಟಬಹುದಾದ ನಾಲ್ಕು ಸ್ಥಾನಗಳೂ ಸಮಾನವಾದುದರಿಂದ ಎಲ್ಲಿ ಅಂಟಿದರೂ ಹುಟ್ಟುವ ವಸ್ತು ಒಂದೇ, ಲೆಕ್ಕದಲ್ಲಿ ಗೊಂದಲವಿಲ್ಲ. 1994ರಲ್ಲಿ ಇಂಗ್ಲೆಂಡಿನ ಮೇಸನ್ ಮುಂತಾದವರು ಇದೇ ಲವಣವನ್ನು ಶ್ರವಣಾತೀತ ಧ್ವನಿಯು ನೀರಿನಲ್ಲಿ ಹುಟ್ಟಿಸುವ ಹೈಡ್ರಾಕ್ಸಿಲ್ಲನ್ನು ಅಳೆಯಲು ತಂದರು.

ಅಷ್ಟು ಹೊತ್ತಿಗೆ ನೀರಿನವರ ಪಾಳೆಯದಲ್ಲಿಯೂ ರ್ಯಾಡಿಕಲ್ಲಿಗೆ ಅಧಿಕೃತವಾದ ಸ್ಥಾನ ಸಿಕ್ಕಿತ್ತು. ಓಜೋನ್, ಪೆರಾಕ್ಸೈಡ್, ಅತಿನೇರಳೆ ಬೆಳಕು ಇವುಗಳಿಂದ ಹೈಡ್ರಾಕ್ಸಿಲ್ಲನ್ನು ಹುಟ್ಟಿಸಿ ನೀರನ್ನು ತೊಳೆಯುವ ವಿಧಾನಗಳನ್ನು 1987ರಲ್ಲಿ ಅಮೆರಿಕದ ಗ್ಲೇಜ್ ಮತ್ತು ಸಂಗಡಿಗರು 'ಮುಂದುವರಿದ ಉತ್ಕರ್ಷಣ ಕ್ರಮಗಳು' ಎಂಬ ಒಂದೇ ಹೆಸರಿನಡಿ ತಂದಿದ್ದರು. ಭಾರತದಲ್ಲಿ ಇದಕ್ಕೆ ಒಂದು ವಿಶಿಷ್ಟ ರೂಪವನ್ನು ಕೊಟ್ಟವರು ಮುಂಬಯಿಯ ಮಾಟುಂಗದ ರಸಾಯನ ತಂತ್ರಜ್ಞಾನ ಸಂಸ್ಥೆಯ ಅನಿರುದ್ಧ ಪಂಡಿತ್ ಮತ್ತು ಅವರ ಶಿಷ್ಯರು. ಶ್ರವಣಾತೀತ ಧ್ವನಿ ದುಬಾರಿಯಾದುದು. ಆದರೆ ನೀರನ್ನು ಇಕ್ಕಟ್ಟಾದ ರಂಧ್ರದಲ್ಲಿ ರಭಸದಿಂದ ನುಗ್ಗಿಸಿದರೂ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಕ್ಷಣಾರ್ಧ ಸಾವಿರಾರು ಡಿಗ್ರಿಗಳ ಉಷ್ಣತೆಯುಂಟಾಗಿ ನೀರಿನ ಅಣುವೇ ಸೀಳುತ್ತದೆ. ಗೋಗಟೆ ಮತ್ತು ಪಂಡಿತರು ಶುದ್ಧೀಕರಣದ ಇಂತಹ ವಿಧಾನಗಳನ್ನು ವಿಮರ್ಶಿಸಿ 2004ರಲ್ಲಿ ಪ್ರಕಟಿಸಿದ ಎರಡು ಭಾಗಗಳ ಲೇಖನವು ಜಗತ್ತಿನಾದ್ಯಂತ ಆಧಾರವಾಗಿ ಉಲ್ಲೇಖಿಸಲ್ಪಡುತ್ತದೆ. ಪುಣೆಯಲ್ಲಿ, ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಪಾಷಾಣದ ರಸ್ತೆಯಲ್ಲಿರುವ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ವಿವೇಕ ರಾನಡೆ ಮತ್ತು ವಿನಯ ಭಂಡಾರಿಯವರು ರಂಧ್ರದ ಬದಲು ಸುಳಿಯನ್ನು ಬಳಸಿದರು. ಜವಾಹರಲಾಲ ನೆಹರೂ 1950ರ ಜನವರಿ 3ರಂದು ಉದ್ಘಾಟಿಸಿದ ಪ್ರಯೋಗಾಲಯವಿದು. ಅವರ ಉಪಕರಣದಲ್ಲಿ ಚಲಿಸುವ ಭಾಗವೊಂದೂ ಇಲ್ಲ. ನೀರು ದುಂಡನೆಯ ಕೋಣೆಗೆ ಅಂಚಿನಿಂದ ಹೊಕ್ಕು ಗಿರ್ರನೆ ತಿರುಗುವಾಗ ನಡುವೆ ಒತ್ತಡ ಇಳಿದು ಗುಳ್ಳೆಗಳು ಹುಟ್ಟುತ್ತವೆ. ಗೋಡೆಯಿಂದ ದೂರದಲ್ಲಿ ಅವು ಕುಸಿಯುವುದರಿಂದ ಲೋಹವೂ ಅಷ್ಟು ಸವೆಯದು.

ಇಲ್ಲಿಗೆ ಬಂದಾಗ ಅಳತೆಯ ಪ್ರಶ್ನೆ ಪಾಂಡಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಹಣದ ಪ್ರಶ್ನೆಯಾಗುತ್ತದೆ. ಕಾರ್ಖಾನೆಯ ನೀರನ್ನು ನದಿಗೆ ಬಿಡುವಾಗ ಭಾರತದ ಸಾಮಾನ್ಯ ಮಾನಕವು ಅದರ ರಾಸಾಯನಿಕ ಆಮ್ಲಜನಕ ಬೇಡಿಕೆ ಲೀಟರಿಗೆ 250 ಮಿಲಿಗ್ರಾಂ, ಜೈವಿಕ ಆಮ್ಲಜನಕ ಬೇಡಿಕೆ 30 ಮಿಲಿಗ್ರಾಂ ಮೀರಬಾರದೆನ್ನುತ್ತದೆ. ಇದು ಫಲದ ಅಳತೆ. ಫಲ ದೊರೆಯಿತೆಂದ ಮೇಲೆ ರ್ಯಾಡಿಕಲ್ಲನ್ನು ಎಣಿಸುವ ಗೊಡವೆ ಏಕೆಂದು ಕೇಳುವವರುಂಟು. ಪಂಪು ಕುಡಿದ ವಿದ್ಯುತ್ತಿನಲ್ಲಿ ಎಷ್ಟು ರ್ಯಾಡಿಕಲ್ಲಾಯಿತು, ಆದುದರಲ್ಲಿ ಎಷ್ಟು ಕೊಳೆಗೆ ತಗುಲಿತು, ಎಷ್ಟು ಪೋಲಾಯಿತು ಎಂಬುದು ತಿಳಿಯದಿದ್ದರೆ ಆ ಫಲವು ಯಂತ್ರದಿಂದ ಬಂದುದೋ ಬರಿಯ ಗಾಳಿ ಬೆರೆತುದರಿಂದ ಬಂದುದೋ ಹೇಳುವಂತಿಲ್ಲ. ಜಮೆ ಖರ್ಚುಗಳ ನಡುವಣ ಪುಟಗಳಿಲ್ಲದೆ ಕೊನೆಯ ಶಿಲ್ಕನ್ನು ಮಾತ್ರ ತೋರಿಸಿದ ಖಾತೆಯನ್ನು ಯಾವ ಲೆಕ್ಕತಪಾಸಣೆಗಾರನೂ ಒಪ್ಪುವುದಿಲ್ಲ.

ಆದರೆ ಬೆಳಕೂ ಸುಳ್ಳು ಹೇಳಬಲ್ಲುದು. ಈ ಭಾಗವನ್ನು ಉತ್ಸಾಹಿಗಳು ಸಾಮಾನ್ಯವಾಗಿ ಬೇಗನೆ ದಾಟುತ್ತಾರೆ. ಟೆರಿಫ್ತಾಲಿಕ್ ಲವಣವು ಹಿಡಿದ ಹೈಡ್ರಾಕ್ಸಿಲ್ಲೆಲ್ಲವೂ ಬೆಳಗುವ ವಸ್ತುವಾಗುವುದಿಲ್ಲ. ಆಮ್ಲಜನಕವಿರುವ ನೀರಿನಲ್ಲಿ ನೂರಕ್ಕೆ ಸುಮಾರು 35 ಮಾತ್ರ ಆಗುತ್ತದೆ. ಕೂಮರಿನ್ ಎಂಬ ಇನ್ನೊಂದು ಶೋಧಕದಲ್ಲಿ ಬೆಳಗುವ ಪಾಲು ಇಪ್ಪತ್ತರಲ್ಲಿ ಒಂದರ ಆಸುಪಾಸು. ಈ ಗುಣಕವನ್ನು ಮರೆತು ಕಂಡ ಬೆಳಕನ್ನೇ ಪೂರ್ತಿ ಲೆಕ್ಕವೆಂದು ಬರೆದರೆ ಮೂರು ಪಾಲಿನ ಅಥವಾ ಇಪ್ಪತ್ತು ಪಾಲಿನ ತಪ್ಪು. ಈ 35 ಎಂಬ ಸಂಖ್ಯೆ ಬಂದುದಾದರೂ ಎಲ್ಲಿಂದ? ಮತ್ತೆ ವಿಕಿರಣದಿಂದ. ನೀರಿನಲ್ಲಿ ಗಾಮಾ ಕಿರಣವು ಪ್ರತಿ 100 ಎಲೆಕ್ಟ್ರಾನ್ ವೋಲ್ಟಿನ ಶಕ್ತಿಗೆ ಸುಮಾರು 2.7 ಹೈಡ್ರಾಕ್ಸಿಲ್ಲುಗಳನ್ನು ಹುಟ್ಟಿಸುವುದು ನಿಶ್ಚಿತವಾಗಿ ತಿಳಿದ ವಿಷಯ. ನೀರಿಗೆ ನೈಟ್ರಸ್ ಆಕ್ಸೈಡನ್ನು ತುಂಬಿದರೆ ಜಲಾವೃತ ಎಲೆಕ್ಟ್ರಾನುಗಳೂ ಹೈಡ್ರಾಕ್ಸಿಲ್ಲಾಗಿ ಆ ಸಂಖ್ಯೆ ಸುಮಾರಾಗಿ ಇಮ್ಮಡಿಯಾಗುತ್ತದೆ. ಎಷ್ಟು ಹುಟ್ಟಿತೆಂಬುದು ಮೊದಲೇ ತಿಳಿದಿರುವ ಏಕೈಕ ಪಾತ್ರೆ ಅದು. ಎಲ್ಲ ಶೋಧಕಗಳ ತೂಕದ ಬಟ್ಟುಗಳನ್ನೂ ಅಲ್ಲಿಯೇ ಒರೆಹಚ್ಚಬೇಕು. ಪುಣೆ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಜಲದೀಪ್ತಿಯ ಲೇಖನಗಳ ಸಹಕರ್ತೃವಾಗಿದ್ದ ಬಿ. ಎಸ್. ಮಾಧವ ರಾವ್ ಅವರು ಮುಂದೆ ಹೈಡ್ರಾಕ್ಸಿಲ್ಲು ಕ್ಲೋರಿನ್‌ಯುಕ್ತ ಬೆಂಜೀನಿನಂತಹ ಮಲಿನ ವಸ್ತುಗಳ ಮೇಲೆ ಎಷ್ಟು ವೇಗದಲ್ಲಿ, ಯಾವ ಸ್ಥಾನದಲ್ಲಿ ಬೀಳುತ್ತದೆಂಬುದನ್ನು ಎಲೆಕ್ಟ್ರಾನಿನ ಕ್ಷಣಿಕ ಸ್ಪಂದಗಳಿಂದ ಅಧ್ಯಯನಮಾಡಿದರು. ಅಲ್ಲಿಯೇ ಮುಕ್ತ ರ್ಯಾಡಿಕಲ್ ಸಂಶೋಧನೆಯ ರಾಷ್ಟ್ರೀಯ ಕೇಂದ್ರವೂ ಬೆಳೆಯಿತು. ಉಪ್ಪಿನ ಬೆಳಕಿನಿಂದ ಮಲಿನ ಜಲದವರೆಗಿನ ದಾರಿ ಒಂದೇ ವಿಭಾಗದ ಓಣಿಯಲ್ಲಿ ಹಾಯ್ದುಹೋಗಿದೆ.

ಲ್ಯೂಮಿನಾಲಿನ ದೋಷ ಇನ್ನೊಂದು ಬಗೆಯದು. ಅದು ಯಾರು ಕರೆದರೂ ಓಗೊಡುತ್ತದೆ. ಹೈಡ್ರಾಕ್ಸಿಲ್ಲಿಗೆ ಬೆಳಗುವಂತೆಯೇ ಸೂಪರಾಕ್ಸೈಡಿಗೂ, ಲೋಹದ ಅಂಶವಿದ್ದರೆ ಪೆರಾಕ್ಸೈಡಿಗೂ, ಕ್ಲೋರಿನ್ ಹಾಕಿದ ನೀರಿನಲ್ಲಿ ಹೈಪೊಕ್ಲೋರೈಟಿಗೂ ಬೆಳಗುತ್ತದೆ. ಸಾಲದುದಕ್ಕೆ ನೀರು ಸಾಕಷ್ಟು ಕ್ಷಾರವಾಗಿರಬೇಕು. ನದಿಯ ನೀರು ಹಾಗಿರುವುದಿಲ್ಲ. ಸೂಪರಾಕ್ಸೈಡಿಗೆಂದು ಬಳಸುತ್ತಿದ್ದ ಲ್ಯೂಸಿಜೆನಿನ್ ಎಂಬುದರ ಕಥೆ ಇನ್ನೂ ವಿಚಿತ್ರ: ಅದು ತಾನು ಅಳೆಯಬೇಕಾದ ವಸ್ತುವನ್ನು ತಾನೇ ಹುಟ್ಟಿಸಬಲ್ಲುದೆಂದು 1997ರ ಸುಮಾರಿಗೆ ಫ್ರಿಡೋವಿಚ್ ಮತ್ತು ಲಿಯೋಚೆವ್ ತೋರಿಸಿ, ಅದರ ಮೇಲೆ ಕಟ್ಟಿದ ಎಷ್ಟೋ ಅಳತೆಗಳನ್ನು ಸಂಶಯಕ್ಕೆ ಈಡುಮಾಡಿದರು.

ಎಲ್ಲಕ್ಕಿಂತ ದೊಡ್ಡ ತೊಡಕು ನೀರಿನದೇ. ಬಟ್ಟಿಯಿಳಿಸಿದ ನೀರಿನಲ್ಲಿ ತೆಗೆದ ಸುಂದರವಾದ ನೀಲಿ ರೇಖೆಯನ್ನು ಮುಳಾ ಮುಠೆಯ ನೀರಿಗೆ ಅನ್ವಯಿಸಲಾಗದು. ದಖನಿನ ಕರಿಕಲ್ಲಿನ ಸೀಮೆಯ ನೀರಿನಲ್ಲಿ ಬೈಕಾರ್ಬೊನೇಟು ಧಾರಾಳ. ಅದು ಹೈಡ್ರಾಕ್ಸಿಲ್ಲಿಗೆ ತೀರ ಮೆಲ್ಲನೆಯ ಜೊತೆಗಾರ. ಆದರೂ ಕೊಳೆಯ ಅಣುವಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿರುವುದರಿಂದ ದೊಡ್ಡ ಪಾಲನ್ನು ಅದೇ ನುಂಗುತ್ತದೆ. ಕೊಳೆತ ಎಲೆ, ಮಣ್ಣು, ಚರಂಡಿಗಳಿಂದ ಬಂದ ಸಾವಯವ ದ್ರವ್ಯ ಉಳಿದುದನ್ನು ನುಂಗುತ್ತದೆ. ಅದರಲ್ಲಿ ಕೆಲವು ತಾವೇ ಅತಿನೇರಳೆ ಬೆಳಕಿಗೆ ನೀಲಿಯಾಗಿ ಹೊಳೆದು ಶೋಧಕದ ಬೆಳಕಿನೊಂದಿಗೆ ಬೆರೆಯುತ್ತವೆ. ಇಚಲಕರಂಜಿಯ ಬಣ್ಣದ ಕಾರ್ಖಾನೆಗಳಂತಹ ಕಡೆಯ ನೀರಾದರೆ ಬಣ್ಣವೇ ಬೆಳಕನ್ನು ತಡೆಯುತ್ತದೆ. ಆ ನೀರು ಪಂಚಗಂಗೆಯ ಮೂಲಕ ಕೃಷ್ಣೆಗೆ, ಅಲ್ಲಿಂದ ಚಿಕ್ಕೋಡಿಯ ಸೀಮೆಗೆ ಬರುವುದು. ಪ್ರಯೋಗಶಾಲೆಯ ಲೇಖನಗಳಲ್ಲಿ ಕಾಣುವ ಶುದ್ಧೀಕರಣದ ದರಗಳು ಹೊಳೆಯ ನೀರಿಗೆ ಇಳಿದಾಗ ಕುಗ್ಗುವುದರ ರಹಸ್ಯ ಇಷ್ಟೇ. ಅದು ಯಂತ್ರದ ದೋಷವಲ್ಲ, ನೀರಿನ ಲಕ್ಷಣ.

ಇದಕ್ಕೆ ಪರಿಹಾರವಾಗಿ ಇಂದು ಅನುಸರಿಸುವ ಕ್ರಮವು ಗಣೇಶಖಿಂಡದ ಉಪ್ಪಿನ ಪ್ರಯೋಗಗಳ ಕಾಲದ ಅದೇ ಹಳೆಯ ಸಾಕ್ಷ್ಯದ ಕ್ರಮ. ಹೊಳೆಯ ನೀರಿನ ಎರಡು ಭಾಗಗಳನ್ನು ತೆಗೆದುಕೊಂಡು ಎರಡಕ್ಕೂ ಶೋಧಕವನ್ನು ಸೇರಿಸುವುದು. ಒಂದಕ್ಕೆ ಮಾತ್ರ ಹೈಡ್ರಾಕ್ಸಿಲ್ಲನ್ನು ಕಬಳಿಸುವ ಟರ್ಷಿಯರಿ ಬ್ಯೂಟನಾಲನ್ನು ಸಾಕಷ್ಟು ಬೆರೆಸುವುದು. ಎರಡನ್ನೂ ಒಂದೇ ಯಂತ್ರದಲ್ಲಿ, ಒಂದೇ ಹೊತ್ತು, ಒಂದೇ ಒತ್ತಡದಲ್ಲಿ ನಡೆಸುವುದು. ಆ ಮದ್ಯಸಾರವು ಓಜೋನಿನ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ನೀರಿನ ಸ್ವಂತ ಹೊಳಪನ್ನೂ ಆರಿಸುವುದಿಲ್ಲ. ಗುಳ್ಳೆಯ ಯಂತ್ರಗಳಲ್ಲಿ ಮಾತ್ರ ಎಚ್ಚರಿಕೆ ಬೇಕು. ಅದು ಆವಿಯಾಗಿ ಗುಳ್ಳೆಯೊಳಗೆ ಸೇರಿ ಕುಸಿತದ ಕಾವನ್ನೇ ತಗ್ಗಿಸಬಲ್ಲುದು. ಇಷ್ಟನ್ನು ಕಾಯ್ದುಕೊಂಡ ಮೇಲೆ, ಬ್ಯೂಟನಾಲಿಲ್ಲದ ಭಾಗದ ಬೆಳಕಿನಿಂದ ಬ್ಯೂಟನಾಲಿರುವ ಭಾಗದ ಬೆಳಕನ್ನು ಕಳೆದು, ಉಳಿದುದನ್ನು 35ರ ಗುಣಕದಿಂದ ಸರಿಪಡಿಸಿದರೆ, ಆ ನೀರಿನಲ್ಲಿ ಶೋಧಕದ ಪಾಲಿಗೆ ಬಂದ ಹೈಡ್ರಾಕ್ಸಿಲ್ಲು ಎಷ್ಟೆಂಬ ಸಂಖ್ಯೆ ದೊರೆಯುತ್ತದೆ. ಸಂಗಮದ ಸೇತುವೆಯ ಕೆಳಗೆ ತೆಗೆದ ನೀರಿಗೂ ಗಾಣಗಾಪುರದ ಘಟ್ಟದಲ್ಲಿ ತೆಗೆದ ನೀರಿಗೂ ಈ ಸಂಖ್ಯೆ ಒಂದೇ ಆಗಿರಲಾರದು. ಎರಡು ಕಡೆಯೂ ಬೇರೆಬೇರೆಯಾಗಿಯೇ ತೆಗೆಯಬೇಕು, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ.